ಗಾಳಿ ಯಾವ ಕಡೆ ಅಂತ ಹೇಳಲಿಲ್ಲ

ನಮ್ಮ ಕನ್ನಡದವರ ಯಾವ ಕಾರ್ಯಕ್ರಮಕ್ಕೆ ಹೋದರೂ ಮೈಕು ತಂದು ನನ್ನ ಕೈಗೆ ಕೊಡುತ್ತಾರೆ. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಯಾರದೋ ಮಗಳ ರಂಗಪ್ರವೇಶವಿರಲಿ, "ನಿಮಗೆ ಹೇಗೂ ಅಭ್ಯಾಸ ಇದೆಯಲ್ಲ, ನಾಲ್ಕು ಮಾತು ಆಡಿಬಿಡಿ" ಎನ್ನುತ್ತಾರೆ. ಊಟಕ್ಕೆ ಕರೆದ ಅಡುಗೆಯವರ ಕೈಗೆ ಯಾರೂ ಸೌಟು ಕೊಡುವುದಿಲ್ಲ. ನನಗೆ ಮಾತ್ರ ಈ ಮರ್ಯಾದೆ. ವಾರವೆಲ್ಲ ಮೈಕಿನ ಮುಂದೆ ಒದರಿ ಬಂದವಳು ಭಾನುವಾರ ರೇಷ್ಮೆ ಸೀರೆ ಉಟ್ಟು ಮತ್ತೆ ಮೈಕಿನ ಮುಂದೆ ನಿಂತು, "ಈಗ ನಮ್ಮ ಪುಟಾಣಿಗಳಿಂದ ಒಂದು ನೃತ್ಯ" ಎನ್ನುತ್ತೇನೆ. ಕೆಳಗಿಳಿದರೆ ಯಾರಾದರೂ ಆಂಟಿ ಕೇಳಿಯೇ ಕೇಳುತ್ತಾರೆ: "ಟೀವೀಲಿ ಯಾವಾಗ ಬರ್ತೀಯಮ್ಮ?"

ನಾನು ರೇಡಿಯೋದವಳು. ಆಟ ನಡೆಯುವಾಗ ಅದನ್ನು ಕಾಣದವರಿಗೆ ಮಾತಿನಲ್ಲಿ ಹೇಳುವುದು ನನ್ನ ಕೆಲಸ. ಹೆಚ್ಚಾಗಿ ಬೇಸ್‌ಬಾಲ್, ಆ ಸೀಸನ್ ಮುಗಿದ ಮೇಲೆ ಹೈಸ್ಕೂಲ್ ಹುಡುಗರ ಅಮೆರಿಕನ್ ಫುಟ್‌ಬಾಲ್. ನಮ್ಮ ಬೇಸ್‌ಬಾಲ್ ತಂಡ ಡಾಲಸ್ ಕಡೆಯದು, ದೊಡ್ಡ ಲೀಗಿಗಿಂತ ಕೆಳಗಿನ ಲೀಗಿನದು. ಅದರ ಆಟಗಾರರಲ್ಲಿ ಅರ್ಧ ಜನ ಮೇಲೆ ಹೋಗಲು ಕಾಯುತ್ತಿರುತ್ತಾರೆ, ಇನ್ನರ್ಧ ಜನ ಮೇಲಿನಿಂದ ಇಳಿದು ಬಂದಿರುತ್ತಾರೆ. ನಾನು ಎರಡೂ ಅಲ್ಲ. ಹತ್ತಲೂ ಇಲ್ಲ, ಇಳಿಯಲೂ ಇಲ್ಲ, ಇದ್ದಲ್ಲೇ ಇದ್ದು ಇಪ್ಪತ್ತೈದು ವರ್ಷ ಕಳೆಯಿತು.

ಶುರುವಾಗಿದ್ದು ಆಸ್ಟಿನ್ನಿನಲ್ಲಿ, ಕಾಲೇಜಿನ ರೇಡಿಯೋದಲ್ಲಿ. ಹುಡುಗಿಯರ ಸಾಫ್ಟ್‌ಬಾಲಿಗೆ ಕಾಮೆಂಟರಿ ಹೇಳಲು ಯಾರೂ ಒಪ್ಪಲಿಲ್ಲ, ನಾನು ಒಪ್ಪಿದೆ. ಅಲ್ಲಿಂದ ಟೇಲರ್ ಎಂಬ ಊರಿನ ಒಂದು ಸಣ್ಣ ಸ್ಟೇಷನ್ನಿಗೆ ಹೋದೆ. ಈಗ ಆ ಊರಿನ ಹೊರಗೆ ದೊಡ್ಡ ಚಿಪ್ ಫ್ಯಾಕ್ಟರಿ ಬಂದು, ಅಲ್ಲಿ ಕೆಲಸ ಮಾಡುವ ಬೆಂಗಳೂರಿನವರೇ ಬೇಕಾದಷ್ಟು ಸಿಗುತ್ತಾರೆ. ಆಗ ಫುಟ್‌ಬಾಲ್ ಮೈದಾನವೊಂದು, ಮಾಂಸ ಸುಡುವ ಅಂಗಡಿಗಳು ಮೂರು ನಾಲ್ಕು, ಇಷ್ಟೇ. ಆಟದ ದಿನ ಮೈದಾನದ ತಗಡಿನ ಕೋಣೆಯಲ್ಲಿ ಕೂತವರಿಗೆಲ್ಲ ಅಲ್ಲಿಂದ ತಟ್ಟೆ ಬರುತ್ತಿತ್ತು. ನಾನು ಅದರಲ್ಲಿದ್ದ ಬಿಳಿ ಬ್ರೆಡ್ಡು, ಈರುಳ್ಳಿ, ಉಪ್ಪು ನೀರಿನ ಸೌತೆಕಾಯಿ ತಿಂದು ಮೇಲೇಳುತ್ತಿದ್ದೆ. ತಿನ್ನದಿದ್ದರೂ ಮನೆಗೆ ಹೋಗುವಾಗ ತಲೆಕೂದಲೆಲ್ಲ ಹೊಗೆ ವಾಸನೆ.

ಹೆಂಗಸಿನ ಧ್ವನಿಯಲ್ಲಿ ಆಟ ಕೇಳುವುದು ಬಹಳ ಜನಕ್ಕೆ ಇಷ್ಟವಿರಲಿಲ್ಲ. ಈಗಲೂ ಇಲ್ಲ. ಕಿರುಚುತ್ತಾಳೆ ಎಂದು ಸ್ಟೇಷನ್ನಿಗೆ ಫೋನ್ ಮಾಡುತ್ತಿದ್ದರು. ನಾನು ಕಿರುಚುತ್ತಿರಲಿಲ್ಲ, ಹುಟ್ಟಿದ ಧ್ವನಿಯಲ್ಲೇ ಮಾತಾಡುತ್ತಿದ್ದೆ. ಆದರೂ ವರ್ಷ ವರ್ಷಕ್ಕೆ ಧ್ವನಿಯನ್ನು ಒಂದೊಂದು ಮೆಟ್ಟಿಲು ಇಳಿಸಿದೆ. ಹೂಸ್ಟನ್ನಿನಲ್ಲಿರುವ ಅಮ್ಮ ಫೋನ್ ಮಾಡಿದಾಗಲೆಲ್ಲ, "ಯಾಕೆ, ನೆಗಡೀನಾ?" ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ನನಗೂ ಹಳೆಯ ಧ್ವನಿ ಹೇಗಿತ್ತೆಂದು ಈಗ ನೆನಪಾಗುವುದಿಲ್ಲ, ಅದಕ್ಕಾಗಿ ಒಮ್ಮೊಮ್ಮೆ ಸಿಟ್ಟು ಬರುತ್ತದೆ.

ನನ್ನ ಗಂಡ ಹುಬ್ಬಳ್ಳಿಯವನು, ಸಾಫ್ಟ್‌ವೇರಿನವನು. ಆಟದ ಗಂಧಗಾಳಿ ಇಲ್ಲ. ಡಾಲಸ್ ಪಕ್ಕದ ಮರ್ಫಿ ಎಂಬ ಊರಿನಲ್ಲಿ ನಮ್ಮ ಮನೆ. ಅತ್ತೆ ತೀರಿಕೊಂಡ ಮೇಲೆ ಅವನು ತನ್ನ ತಂದೆಯನ್ನು ಇಲ್ಲಿಗೇ ಕರೆತಂದ. ಮಾವನಿಗೆ ಅಷ್ಟು ಹೊತ್ತಿಗೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿದ್ದವು. ಬೆಳಕು ಕತ್ತಲೆ ಗೊತ್ತಾಗುತ್ತಿತ್ತು, ಅಷ್ಟೇ. ಹುಬ್ಬಳ್ಳಿಯಲ್ಲಿ ಅವರದು ಬಟ್ಟೆ ಅಂಗಡಿ. ಗಲ್ಲಾದ ಪಕ್ಕದಲ್ಲಿ ರೇಡಿಯೋ ಇಟ್ಟು ಕ್ರಿಕೆಟ್ ಕಾಮೆಂಟರಿ ಕೇಳುವುದು, ಓವರ್ ಮುಗಿಯುವ ತನಕ ಕತ್ತರಿ ಕೆಳಗಿಡುವುದು, ಗಿರಾಕಿ ಕಾಯುವುದು. ಇದನ್ನು ಗಂಡ ಹೇಳಿದ್ದ. ಆದರೆ ಸೊಸೆಯ ಕೆಲಸದ ಬಗ್ಗೆ ಮಾವ ಬಂದ ಹೊಸದರಲ್ಲಿ ಒಂದು ಮಾತೂ ಆಡಲಿಲ್ಲ. ಮನೆಯ ಹೆಣ್ಣುಮಗಳು ಗಂಡಸರ ಆಟಕ್ಕೆ ಬಾಯಿ ಮಾಡುವುದು ಅವರಿಗೆ ಹಿಡಿಸಿರಲಿಕ್ಕಿಲ್ಲ ಎಂದುಕೊಂಡು ನಾನೂ ಸುಮ್ಮನಿದ್ದೆ.

ಒಂದು ಮಧ್ಯಾಹ್ನದ ಆಟ ಮುಗಿಸಿ ಮನೆಗೆ ಬಂದರೆ ಅವರು ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದರು. ಎದುರಿಗೆ ನಮ್ಮ ಹಳೆಯ ರೇಡಿಯೋ.

"ನೀ ಹೇಳೂದು ಕೇಳಿದ್ನವಾ," ಎಂದರು. "ಚೆಂಡು ಹೋತು, ಹೋತು ಅಂದಿ. ಯಾ ಕಡೆ ಹೋತು ಹೇಳಲೇ ಇಲ್ಲ."

"ಎಡಗಡೆಗೆ ಮಾವ. ಗೋಡೆ ದಾಟಿ ಹೋಯ್ತು."

"ಅಂದ್ರ ಸಿಕ್ಸರ್. ಅದನ್ನ ನನಗ ಈಗ ಹೇಳಿದ್ರ ಏನು ಬಂತು?"

ಅವತ್ತಿನಿಂದ ಹಿಡಿದು ಅವರು ಒಂದು ಆಟವನ್ನೂ ಬಿಡಲಿಲ್ಲ, ಒಂದು ಆಟಕ್ಕೂ ಭೇಷ್ ಎನ್ನಲಿಲ್ಲ. ದಿನಕ್ಕೊಂದು ತಪ್ಪು: ನಾನು ಫೀಲ್ಡರುಗಳು ಎಲ್ಲಿ ನಿಂತಿದ್ದಾರೆಂದು ಹೇಳಲಿಲ್ಲ. ಬಿಸಿಲು ಬ್ಯಾಟ್ ಮಾಡುವವನ ಕಣ್ಣಿಗೆ ಬೀಳುತ್ತಿತ್ತೋ, ಚೆಂಡು ಎಸೆಯುವವನ ಕಣ್ಣಿಗೋ ಹೇಳಲಿಲ್ಲ. ಯಾರೋ ಹೊಸಬ ಬಂದ ಎಂದೆ, ಎತ್ತರದವನೋ ಕುಳ್ಳನೋ ಹೇಳಲಿಲ್ಲ. ಎಲ್ಲಕ್ಕಿಂತ ಹೆಚ್ಚು ಗಾಳಿ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಹೇಳದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಬೇಸ್‌ಬಾಲಿನ ನಿಯಮಗಳನ್ನು ನಾನು ಕಲಿಸಲಿಲ್ಲ, ಕೇಳಿ ಕೇಳಿ ತಾವೇ ಕಲಿತರು. ಹೆಸರುಗಳನ್ನು ಮಾತ್ರ ಬದಲಾಯಿಸಲಿಲ್ಲ. ಎಸೆಯುವವನು ಅವರಿಗೆ ಕೊನೆಯ ತನಕ ಬೌಲರ್, ಹಿಂದೆ ಹಿಡಿಯುವವನು ಕೀಪರ್.

ಮೊದಮೊದಲು ಮೈ ಉರಿಯುತ್ತಿತ್ತು. ಬಿಸಿಲಲ್ಲಿ ಒಂದೇ ಸಮನೆ ಮಾತಾಡಿ, ಸೆಂಟ್ರಲ್ ಎಕ್ಸ್‌ಪ್ರೆಸ್‌ವೇ ಟ್ರಾಫಿಕ್ಕಿನಲ್ಲಿ ಕೂತು, ಗಂಟಲಿಗೆ ಜೀರಿಗೆ ಕಷಾಯ ಮಾಡಿಕೊಳ್ಳೋಣವೆಂದು ಒಲೆ ಹಚ್ಚುವಷ್ಟರಲ್ಲಿ ಬೆನ್ನ ಹಿಂದಿನಿಂದ ತಪ್ಪಿನ ಪಟ್ಟಿ. ಆದರೆ ಒಂದು ವಿಷಯ ಹೇಳಲೇಬೇಕು. ಇಪ್ಪತ್ತೈದು ವರ್ಷದಲ್ಲಿ ನನ್ನ ಧ್ವನಿ ಸರಿಯಿಲ್ಲ ಎಂದವರು ನೂರಾರು ಜನ. ನಾನು ಹೇಳಿದ್ದು ಸಾಕಾಗಲಿಲ್ಲ, ಇನ್ನೂ ಹೇಳು ಎಂದವರು ಅವರೊಬ್ಬರೇ. ಅದು ಗೊತ್ತಾಗಲು ನನಗೆ ಒಂದು ಸೀಸನ್ ಬೇಕಾಯಿತು. ಗೊತ್ತಾದ ಮೇಲೆ ಮೈಕಿನ ಮುಂದೆ ಕೂತಾಗಲೆಲ್ಲ ನಾನು ಟೆಕ್ಸಸ್ಸಿನ ಕೇಳುಗರಿಗೆ ಹೇಳುವುದನ್ನು ಬಿಟ್ಟು ಅಡುಗೆಮನೆಯ ಮೇಜಿಗೆ ಹೇಳಲು ಶುರುಮಾಡಿದೆ. ಇಂಗ್ಲಿಷಿನಲ್ಲೇ, ಆದರೆ ಅವರಿಗೇ.

ಕೋವಿಡ್ ಬಂದ ಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಹೊರ ಊರಿನ ಆಟಗಳಿಗೆ ರೇಡಿಯೋದವರನ್ನು ಕಳಿಸುವುದನ್ನು ನಿಲ್ಲಿಸಿದರು. ಕೋವಿಡ್ ಹೋಯಿತು, ಈ ಪದ್ಧತಿ ಉಳಿಯಿತು. ಡಾಲಸ್ ಅಂಚಿನ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ, ಎಲ್‌ಬಿಜೆ ಫ್ರೀವೇ ಪಕ್ಕದ ಒಂದು ಆಫೀಸ್ ಕಟ್ಟಡದಲ್ಲಿ ಕಿಟಕಿಯಿಲ್ಲದ ಕೋಣೆ. ಎದುರಿಗೆ ಆಟ ತೋರಿಸುವ ಎರಡು ಪರದೆ, ಕಿವಿಗೆ ನಾಲ್ಕು ಗಂಟೆ ದಾರಿಯ ಹೂಸ್ಟನ್ ಮೈದಾನದ ಗದ್ದಲ. ಅಲ್ಲಿದ್ದೇನೆ ಎಂದು ಹೇಳುವ ಹಾಗಿಲ್ಲ, ಇಲ್ಲ ಎಂದೂ ಹೇಳುವ ಹಾಗಿಲ್ಲ. ಪಕ್ಕದ ಕೋಣೆಯಲ್ಲಿ ಯಾವುದೋ ಇನ್ಶೂರೆನ್ಸ್ ಕಂಪನಿಯವರು ಮೈಕ್ರೋವೇವಿನಲ್ಲಿ ಪಾಪ್‌ಕಾರ್ನ್ ಮಾಡಿದರೆ ಸ್ಟೇಡಿಯಂನ ವಾಸನೆಯೂ ಬಂದಹಾಗಾಗುತ್ತಿತ್ತು.

ಮನೆಯಲ್ಲಿ ಮಾವನಿಗೆ ಇದನ್ನು ಹೇಳಿರಲಿಲ್ಲ. ಕಂಪನಿಯ ನಿಯಮ ಎಂದುಕೊಂಡಿದ್ದೆ, ನಿಜವಾಗಿ ನಾಚಿಕೆ. ಒಂದು ಶನಿವಾರ ಹೂಸ್ಟನ್ನಿನ ಆಟ ಮುಗಿಸಿ ಒಳಗೆ ಬಂದು ಚಪ್ಪಲಿ ಬಿಡುತ್ತಿದ್ದೆ.

"ಹೂಸ್ಟನ್ ಈಗ ಭಾಳ ಹತ್ರ ಆಗೇತಲ್ಲವಾ," ಎಂದರು. "ಆಟ ಮುಗದು ಒಂದು ತಾಸು ಆಗಿಲ್ಲ, ಕಾರು ಬಂತು."

ನಗು ಬಂತು. ಕೂತು ಎಲ್ಲ ಹೇಳಿದೆ. ಅವರಿಗೆ ಬೇಸರವೇನೂ ಆಗಲಿಲ್ಲ.

"ಅಲ್ಲಿಲ್ಲದಿದ್ರೂ ಅಲ್ಲಿದ್ದಾಂಗ ಹೇಳ್ತಿ, ಅದಕ್ಕ ನಿನಗ ಪಗಾರ. ಆದರ ಇವತ್ತು ಗಾಳಿ ಯಾ ಕಡೆ ಅಂತ ಹೇಳಲಿಲ್ಲ."

"ಗಾಳಿ ಟೀವೀಲಿ ಕಾಣಲ್ಲ ಮಾವ."

"ನಿನಗ ಕಾಣದ್ದು ನನಗ ಹೆಂಗ ಕಾಣಬೇಕು?"

ಮರುವಾರದಿಂದ ಹೂಸ್ಟನ್ ಮೈದಾನದ ಹುಲ್ಲು ನೋಡಿಕೊಳ್ಳುವವರಿಗೆ ಆಟಕ್ಕೆ ಮುಂಚೆ ಫೋನ್ ಮಾಡುವುದು ನನ್ನ ರೂಢಿಯಾಯಿತು. ಗಾಳಿ ಹೇಗಿದೆ ಎಂದು ಕೇಳಿದರೆ ಅವರು ಮೊದಲು ನಕ್ಕರು, ಆಮೇಲೆ ತಾವೇ ಮೆಸೇಜ್ ಕಳಿಸತೊಡಗಿದರು. ಆಸ್ಟಿನ್ನಿಗೂ ಒಬ್ಬರನ್ನು ಹುಡುಕಿಕೊಂಡೆ. ನನ್ನ ಜೊತೆಯವರು ಇದನ್ನು ನೋಡಿ ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳುತ್ತೀ, ಯಾರು ಕೇಳುತ್ತಾರೆ ಎನ್ನುತ್ತಿದ್ದರು. ಯಾರು ಕೇಳುತ್ತಾರೆಂದು ನನಗೆ ಗೊತ್ತಿತ್ತು.

ಕಳೆದ ವರ್ಷ ಸೀಸನ್ ಮುಗಿಯುವ ಮೊದಲು ಮೇಲಿನವರು ಕರೆದು ಸುದ್ದಿ ಹೇಳಿದರು. ಬರುವ ಸೀಸನ್ನಿನಿಂದ ರೇಡಿಯೋಕ್ಕೆ ಬೇರೆ ಕಾಮೆಂಟರಿ ಇರುವುದಿಲ್ಲ. ಟೀವಿಯಲ್ಲಿ ಏನು ಹೇಳುತ್ತಾರೋ ಅದೇ ರೇಡಿಯೋದಲ್ಲೂ ಬರುತ್ತದೆ, ಎರಡಕ್ಕೂ ಒಂದೇ ಧ್ವನಿ. ಆ ಧ್ವನಿ ನನ್ನದಾಗಬಹುದು. ಒಂದು ಭಾನುವಾರದ ಆಟದಲ್ಲಿ ನನ್ನನ್ನು ಟೀವಿಗೆ ಕೂರಿಸಿ ನೋಡುತ್ತಾರೆ, ಅವತ್ತು ರೇಡಿಯೋದಲ್ಲೂ ಅದೇ ಮಾತು. ಸರಿಹೋದರೆ ಕೆಲಸ ನನ್ನದು, ಸರಿಹೋಗದಿದ್ದರೆ ಬೇರೆಯವರದು. ರೇಡಿಯೋ ಕೆಲಸ ಅಂತೂ ಇಲ್ಲ. ಅಭಿನಂದನೆ ಎಂದು ಕೈ ಕುಲುಕಿದರು. ಹೆಂಗಸಿಗೆ ಇಂಥ ಅವಕಾಶ ಈ ಲೀಗಿನಲ್ಲಿ ಇದೇ ಮೊದಲು ಎಂದರು. ಇಪ್ಪತ್ತೈದು ವರ್ಷ ಕಾದದ್ದು ಬಂದಾಗ ನನಗೆ ಕುಣಿಯಬೇಕು ಎನಿಸಲಿಲ್ಲ, ಎಲ್ಲಾದರೂ ಮಲಗಬೇಕು ಎನಿಸಿತು.

ರೇಡಿಯೋದಲ್ಲಿ ಹೇಳುವುದಕ್ಕೂ ಟೀವಿಯಲ್ಲಿ ಹೇಳುವುದಕ್ಕೂ ಅಜಗಜಾಂತರ. ರೇಡಿಯೋದಲ್ಲಿ ಎರಡು ಕ್ಷಣ ಸುಮ್ಮನಾದರೆ ಕೇಳುವವನಿಗೆ ಮೈದಾನವೇ ಮಾಯ. ಟೀವಿಯಲ್ಲಿ ಕಾಣುವುದನ್ನು ಹೇಳಿದರೆ ನೋಡುವವನಿಗೆ ಸಿಟ್ಟು, ನನಗೆ ಕಣ್ಣಿಲ್ಲವೇ ಎನ್ನುತ್ತಾನೆ. ಅಲ್ಲಿ ಒಳ್ಳೆಯವರೆಂದರೆ ಬಾಯಿ ಮುಚ್ಚಿಕೊಂಡಿರಲು ಬಲ್ಲವರು.

ಗಂಡನಿಗೆ ಹೇಳಿದೆ. "ಇದಕ್ಕಿಂತ ಏನ್ ಬೇಕು ನಿನಗ?" ಎಂದ. ತಪ್ಪಲ್ಲ, ಅವನಿಗೆ ಕಂಡದ್ದು ಅಷ್ಟೇ. ಮಾವನಿಗೆ ಹೇಳುವುದು ಕಷ್ಟವಾಯಿತು. ಬೆಳಗಿನ ತಿಂಡಿಯಾದ ಮೇಲೆ, ಅವರ ಕಣ್ಣಿಗೆ ಡ್ರಾಪ್ಸ್ ಹಾಕುವಾಗ ಹೇಳಿದೆ. ಕಣ್ಣು ಹೋದರೂ ಒತ್ತಡ ಏರಿ ನೋವಾಗಬಾರದೆಂದು ಡಾಕ್ಟರ್ ಡ್ರಾಪ್ಸ್ ನಿಲ್ಲಿಸಿರಲಿಲ್ಲ. ಅವರು ತಲೆ ಹಿಂದಕ್ಕೆ ಚೆಲ್ಲಿ ಕೂತೇ ಕೇಳಿದರು.

"ರೇಡಿಯೋದಾಗೂ ನಿನ್ನ ಮಾತೇ ಬರ್ತೈತಲ್ಲ?"

"ಬರುತ್ತೆ. ಆದರೆ ಕಡಿಮೆ ಬರುತ್ತೆ ಮಾವ. ಕಾಣೋದನ್ನೆಲ್ಲ ಹೇಳೋ ಹಾಗಿಲ್ಲ."

ಕೆನ್ನೆಯ ಮೇಲೆ ಇಳಿದ ಔಷಧಿಯನ್ನು ಧೋತರದ ತುದಿಯಲ್ಲಿ ಒರೆಸಿಕೊಂಡರು.

"ಹೋಗವಾ ಟೀವಿಗೆ. ನನ್ನೊಬ್ಬನ ಸಲುವಾಗಿ ರೇಡಿಯೋ ನಡಸ್ತಾರೇನು ಅವರು? ಜನ ನಿನ್ನ ಮಾರಿ ನೋಡಲಿ."

ಅವರು ಹಾಗೆ ಹೇಳಿದ್ದಕ್ಕೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಎರಡಕ್ಕೂ ಒಂದೇ ಧ್ವನಿ ಎಂದ ಮೇಲೆ ಎರಡಕ್ಕೂ ಆಗುವ ಹಾಗೆ ಮಾತಾಡಿ ತೋರಿಸುತ್ತೇನೆ, ಟೀವಿಯವರಿಗೂ ತೊಂದರೆಯಾಗದ ಹಾಗೆ ಮಾವನ ಪಾಲಿನದನ್ನು ನಡುನಡುವೆ ಸೇರಿಸುತ್ತೇನೆ ಎಂದು ಲೆಕ್ಕ ಹಾಕಿದೆ. ವಾರವಿಡೀ ಕಾರಿನಲ್ಲಿ ಅಭ್ಯಾಸ ಮಾಡಿದೆ. ನನ್ನ ವಯಸ್ಸಿಗೆ ಪರೀಕ್ಷೆಗೆ ಓದಿದ ಹಾಗೆ.

ಆ ಭಾನುವಾರದ ಆಟ ನಮ್ಮ ಮೈದಾನದಲ್ಲೇ, ಮಧ್ಯಾಹ್ನ. ಕಾಮೆಂಟರಿ ಕೋಣೆಯ ದೊಡ್ಡ ಕಿಟಕಿ ತೆರೆದಿತ್ತು. ಡಾಲಸ್ಸಿನ ಆಗಸ್ಟ್ ಬಿಸಿಲು ಒಳಗೇ ಬಂದು ಕೂತಿತ್ತು. ಮುಖಕ್ಕೆ ಬಳಿದ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಕಿವಿಯೊಳಗೆ ಪ್ರೊಡ್ಯೂಸರ್. ಹೊರಗೆ ನಿಂತ ವ್ಯಾನಿನಲ್ಲಿ ಕೂತು ಯಾವ ಕ್ಯಾಮೆರಾ, ಯಾವಾಗ ಮಾತು ಎಂದು ಹೇಳುವವನು. ನನಗಿಂತ ಚಿಕ್ಕವನು, ಒಳ್ಳೆಯವನು, ಒಮ್ಮೆಯೂ ದನಿ ಏರಿಸಿದವನಲ್ಲ.

ಮೊದಲ ಸುತ್ತಿನಲ್ಲಿ ನಾನು ನನ್ನ ಲೆಕ್ಕದಂತೆಯೇ ನಡೆದೆ. ಗಾಳಿ ಬಲದಿಂದ ಎಡಕ್ಕಿದೆ ಎಂದೆ. ಎಡಗಡೆಯ ಫೀಲ್ಡರ್ ಗೋಡೆಯ ಹತ್ತಿರಕ್ಕೆ ಸರಿದಿದ್ದಾನೆ ಎಂದೆ. ಕಿವಿಯಲ್ಲಿ ಮೆಲ್ಲಗೆ ಮಾತು ಬಂತು: ಅದು ಪರದೆಯ ಮೇಲೆ ಕಾಣುತ್ತಿದೆ, ಹೇಳಬೇಡಿ. ಎರಡನೇ ಸುತ್ತಿನಲ್ಲಿ ಹೊಸ ಬ್ಯಾಟರ್ ಬಂದಾಗ ಎತ್ತರದವನು, ತೋಳು ಮಡಿಸಿದ ಅಂಗಿ ಎಂದೆ. ಮತ್ತೆ ಅದೇ ಮಾತು. ಮೂರನೆಯ ಸಲ ಅವನು, ಇವತ್ತು ಮೇಲಿನವರು ಕೇಳುತ್ತಿದ್ದಾರೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ದಯವಿಟ್ಟು ಕಡಿಮೆ ಮಾಡಿ ಎಂದ. ಬೈದಿದ್ದರೆ ನಾನೂ ಜಗಳವಾಡುತ್ತಿದ್ದೆ. ದಯವಿಟ್ಟು ಎಂದವನ ಜೊತೆ ಏನು ಜಗಳವಾಡುವುದು?

ಕಡಿಮೆ ಮಾಡಿದೆ. ಮೂರು ಮಾತಿದ್ದಲ್ಲಿ ಒಂದು, ಒಂದಿದ್ದಲ್ಲಿ ಮೌನ. ಇಷ್ಟು ವರ್ಷ ಮಾತಾಡಿದವಳಿಗೆ ಮೌನ ಎಲ್ಲಿ ಹೊಂದುತ್ತದೆಂದು ಚೆನ್ನಾಗಿಯೇ ಗೊತ್ತಿತ್ತು. ಕೆಟ್ಟದಾಗಿ ಮಾಡಿದ್ದರೆ ಒಂದು ರೀತಿ. ನಾನು ಬಹಳ ಚೆನ್ನಾಗಿ ಸುಮ್ಮನಿದ್ದೆ.

ಕೊನೆಯ ಸುತ್ತಿನಲ್ಲಿ ನಮ್ಮ ಹುಡುಗನೊಬ್ಬ ಚೆಂಡನ್ನು ಎತ್ತಿ ಹೊಡೆದ. ಆಟದ ಸೋಲು ಗೆಲುವು ಅದರ ಮೇಲೇ ನಿಂತಿತ್ತು. ಚೆಂಡು ಬಿಸಿಲಿನೊಳಕ್ಕೆ ಹೋಗಿ ಕಾಣದಾಯಿತು, ಗಾಳಿ ಅದನ್ನು ಎಡಕ್ಕೆ ಒಯ್ಯತೊಡಗಿತು, ಫೀಲ್ಡರ್ ಹಿಂದೆ ಹಿಂದೆ ಓಡಿದ. ಜನ ಎದ್ದು ನಿಂತರು. ಮಾತಾಡಬೇಡಿ, ಜನರ ಗದ್ದಲ ಸಾಕು ಎಂದು ಕಿವಿಯಲ್ಲಿ ಬಂತು. ನಮ್ಮ ಮೈಕಿನ ಪಕ್ಕದಲ್ಲಿ ಕೆಮ್ಮುವಾಗ ಒತ್ತುವ ಒಂದು ಗುಂಡಿ ಇರುತ್ತದೆ, ಒತ್ತಿ ಹಿಡಿದರೆ ಧ್ವನಿ ಹೊರಗೆ ಹೋಗುವುದಿಲ್ಲ. ನಾನು ಅದನ್ನು ಒತ್ತಿ ಹಿಡಿದೆ. "ಎಡಕ್ಕೆ ಹೋಗ್ತಿದೆ ಮಾವ, ಗಾಳಿ ತಗೊಂಡ್ಹೋಗ್ತಿದೆ, ಅವನು ಗೋಡೆಗೆ ಬೆನ್ನು ಕೊಟ್ಟು ನಿಂತ, ಹಾರಿದ, ಸಿಗಲಿಲ್ಲ," ಎಂದೆ. ಆಮೇಲೆ ಗುಂಡಿ ಬಿಟ್ಟು, ಇಂಗ್ಲಿಷಿನಲ್ಲಿ, ನಾವು ಗೆದ್ದೆವು ಎಂಬಷ್ಟನ್ನೇ ಹೇಳಿದೆ. ಅಷ್ಟೂ ಹೊತ್ತು ರೇಡಿಯೋದಲ್ಲಿ ಬರೀ ಕೂಗಾಟ ಬಂದಿರಬೇಕು.

ವ್ಯಾನಿನಿಂದ ಇಳಿದು ಬಂದ ಪ್ರೊಡ್ಯೂಸರ್ ನನ್ನ ಕೈ ಹಿಡಿದು ಕುಲುಕಿದ. ಆ ಕೊನೆಯ ಮೌನ ಇದೆಯಲ್ಲ, ಅದನ್ನು ಕಲಿಸಲು ಬರುವುದಿಲ್ಲ ಎಂದ. ನಾನು ಥ್ಯಾಂಕ್ಸ್ ಹೇಳಿ ಮುಖ ತೊಳೆದುಕೊಂಡು ಕಾರು ಹತ್ತಿದೆ. ದಾರಿಯುದ್ದಕ್ಕೂ ಮಾವ ಯಾವ ಯಾವ ತಪ್ಪು ಹಿಡಿಯುತ್ತಾರೆ ಎಂದು ನೆನೆಯುತ್ತಾ ಬಂದೆ. ಬೈಯಲಿ, ಇವತ್ತು ಎಷ್ಟು ಬೈದರೂ ಕೂತು ಕೇಳುತ್ತೇನೆ, ಒಂದೊಂದಕ್ಕೂ ಉತ್ತರ ಹೇಳುತ್ತೇನೆ ಎಂದುಕೊಂಡೆ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಗಂಡ ತರಕಾರಿ ತರಲು ಹೋಗಿದ್ದ. ಮಾವ ಅಡುಗೆಮನೆಯ ಮೇಜಿನ ಹತ್ತಿರವೇ ಇದ್ದರು. ರೇಡಿಯೋ ಆಫ್ ಮಾಡಿದ್ದರು. ನಾನು ಎದುರಿನ ಕುರ್ಚಿ ಎಳೆದು ಕೂತೆ.

"ಹೇಗಿತ್ತು ಮಾವ?"

"ಚೊಲೋ ಮಾಡಿದಿಯವಾ."

ಇನ್ನೇನಾದರೂ ಹೇಳುತ್ತಾರೆಂದು ಕಾದೆ. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಹೊರಗಿನ ಯಾರಿಗೋ ಹೇಳುವಂತೆ, ಮರ್ಯಾದೆಯಿಂದ ಹೇಳಿದ್ದರು.

"ತಪ್ಪೇನೂ ಇರಲಿಲ್ವಾ?"

"ತಪ್ಪು ಹಿಡೀಬೇಕಂದ್ರ ಆಟ ಕಾಣಬೇಕಲ್ಲವಾ," ಎಂದರು.

ಅದರಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ದಣಿದು ಬಂದಿದ್ದೀಯ, ಮೊದಲು ಒಂದು ಕಪ್ ಚಹಾ ಕುಡಿ, ನನಗೂ ಒಂದಿಷ್ಟು ಕೊಡು ಎಂದರು. ಎದ್ದು ಚಹಾಕ್ಕಿಟ್ಟೆ. ಅದು ಕುದಿಯುವಾಗ ಫೋನಿಗೆ ಮೆಸೇಜ್ ಬಂತು, ಕೆಲಸ ನಿಮ್ಮದು ಎಂದು. ಒಲೆಯ ಮುಂದೆ ನಿಂತುಕೊಂಡೇ ಒಪ್ಪಿದ್ದೇನೆ ಎಂದು ಬರೆದೆ. ಅವರ ಲೋಟವನ್ನು ಅವರ ಕೈಗೆ ಮುಟ್ಟಿಸಿ ನನ್ನದನ್ನು ಒಂದು ಗುಟುಕು ಕುಡಿದಾಗ ಗೊತ್ತಾಯಿತು, ಎರಡಕ್ಕೂ ಸಕ್ಕರೆ ಹಾಕಿರಲಿಲ್ಲ. ಮಾವ ಏನೂ ಅನ್ನದೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.